ಬ್ಲಾಕ್ ತೆಗೆದರೆ ಆಯ್ತಾ? ಹೃದಯ, ಪೈಪು ಮತ್ತು ಪ್ರಯೋಗದ ಲೆಕ್ಕ

"ಎಪ್ಪತ್ತು ಪರ್ಸೆಂಟ್ ಬ್ಲಾಕ್ ಇದೆಯಂತೆ." ಈ ಮಾತು ಕೇಳದ ಮನೆ ಈಗ ಅಪರೂಪ. ದೊಡ್ಡಪ್ಪನಿಗೋ, ಪಕ್ಕದ ಮನೆ ಅಂಕಲ್‌ಗೋ, ಕೆಲವೊಮ್ಮೆ ನಮ್ಮಪ್ಪನಿಗೇ. ಅದರ ಹಿಂದೆಯೇ ಬರುವ ಮಾತೂ ಹೆಚ್ಚುಕಮ್ಮಿ ಒಂದೇ: "ಸ್ಟೆಂಟ್ ಹಾಕಿಸಿಬಿಟ್ಟರೆ ಆಯ್ತು, ಹೊಸ ಹೃದಯ ಬಂದಂಗೆ."

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ನಮಗಂತೂ ಇದು ಇನ್ನೂ ಬೇಗ ಒಪ್ಪಿಗೆಯಾಗುತ್ತದೆ. ಪೈಪಿನಲ್ಲಿ ಕಸ ಕಟ್ಟಿದೆ, ಹರಿವು ಕಡಿಮೆಯಾಗಿದೆ, ಕಸ ತೆಗೆದರೆ ಹರಿವು ಸರಿಹೋಗುತ್ತದೆ. ಇದರಲ್ಲಿ ತಪ್ಪೇನಿದೆ?

ಹರಿವಿನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ "ಹರಿವು ಸರಿಹೋದರೆ ಮನುಷ್ಯ ಹೆಚ್ಚು ದಿನ ಬದುಕುತ್ತಾನೆ" ಅನ್ನೋದು ಲೆಕ್ಕ ಅಲ್ಲ, ಊಹೆ. ವೈದ್ಯರು ಈ ಊಹೆಯನ್ನು ದಶಕಗಳ ಕಾಲ, ಸಾವಿರಾರು ರೋಗಿಗಳ ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವು ಕಡೆ ಊಹೆ ಗೆದ್ದಿದೆ, ಕೆಲವು ಕಡೆ ಸೋತಿದೆ. ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅಂತ ತಿಳಿದುಕೊಂಡರೆ, ನಾಳೆ ನಮ್ಮ ಮನೆಯಲ್ಲೇ ಈ ಮಾತು ಬಂದಾಗ ಯಾವಾಗ ಓಡಬೇಕು, ಯಾವಾಗ ಕೂತು ಪ್ರಶ್ನೆ ಕೇಳಬೇಕು ಅನ್ನೋದು ಗೊತ್ತಾಗುತ್ತದೆ.

ಪಂಪಿನ ಲೆಕ್ಕ

ಮೊದಲು ಪಂಪು. ಎಡ ಹೃತ್ಕುಕ್ಷಿ ತುಂಬಿದಾಗ ಅದರಲ್ಲಿ ಸುಮಾರು 120 ಮಿ.ಲೀ. ರಕ್ತ ಇರುತ್ತದೆ. ಒಮ್ಮೆ ಹಿಂಡಿದಾಗ ಸುಮಾರು 70 ಮಿ.ಲೀ. ಹೊರಗೆ ಹೋಗುತ್ತದೆ, 50 ಮಿ.ಲೀ. ಒಳಗೇ ಉಳಿಯುತ್ತದೆ. ನಿಮಿಷಕ್ಕೆ 70 ಬಡಿತ ಅಂದುಕೊಂಡರೆ ಸುಮಾರು 5 ಲೀಟರ್. ದಿನಕ್ಕೆ 7,000 ಲೀಟರ್‌ಗೂ ಹೆಚ್ಚು. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕಿನ ಲೆಕ್ಕದಲ್ಲಿ ದಿನಕ್ಕೆ ಏಳು ಟ್ಯಾಂಕ್, ಅದೂ ಮುಷ್ಟಿಯಷ್ಟು ದೊಡ್ಡ ಪಂಪಿನಿಂದ.

ತುಂಬಿದ್ದರಲ್ಲಿ ಎಷ್ಟು ಭಾಗ ಹೊರಗೆ ಹೋಯಿತು ಅನ್ನೋದೇ ಎಜೆಕ್ಷನ್ ಫ್ರಾಕ್ಷನ್. ರಿಪೋರ್ಟ್‌ಗಳಲ್ಲಿ 'ಇಎಫ್' ಅಂತ ಬರೆದಿರುತ್ತಾರೆ. ಇಲ್ಲಿ 70 ಭಾಗಿಸು 120, ಅಂದರೆ ಸುಮಾರು ಶೇ. 58. ಇದು ಸಹಜ. ಶೇ. 40 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಹೃದಯ ದುರ್ಬಲವಾಗಿದೆ ಅಂತ ಅರ್ಥ. ಇಎಫ್ 58 ಅಂದ ತಕ್ಷಣ "ಅಯ್ಯೋ, ನೂರಕ್ಕೆ ಐವತ್ತೆಂಟೇನಾ?" ಅಂತ ಗಾಬರಿಯಾಗುವವರು ಬಹಳ ಜನ. ಅದು ಪರೀಕ್ಷೆಯ ಮಾರ್ಕ್ಸ್ ಅಲ್ಲ. ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ.

ಇದನ್ನು ಅಳೆಯುವ ರೀತಿ ನಮಗೆ ಪರಿಚಿತವೇ. ಎಕೋ ಪರೀಕ್ಷೆಯಲ್ಲಿ ಎರಡು ಕೋನಗಳಿಂದ ಹೃತ್ಕುಕ್ಷಿಯ ಚಿತ್ರ ತೆಗೆದು, ಅದನ್ನು ಮೇಲಿಂದ ಕೆಳಗೆ 20 ತೆಳು ಬಿಲ್ಲೆಗಳಾಗಿ ಕತ್ತರಿಸಿದಂತೆ ಲೆಕ್ಕ ಹಾಕಿ, ಒಂದೊಂದರ ಘನಗಾತ್ರ ಕೂಡಿಸುತ್ತಾರೆ. ಇದಕ್ಕೆ ಅವರು ಇಟ್ಟಿರುವ ಹೆಸರು ಸಿಂಪ್ಸನ್ ವಿಧಾನ. ನ್ಯೂಮರಿಕಲ್ ಮೆಥಡ್ಸ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳುವವರಿಗೆ ಇದೊಂದು ಉತ್ತರ. ಆದರೆ ಚಿತ್ರದ ಅಂಚನ್ನು ಗುರುತಿಸುವುದರಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಹಾಗಾಗಿ ಒಂದು ಕಡೆ 50, ಇನ್ನೊಂದು ಕಡೆ 55 ಬಂದರೆ ಹೃದಯ ಬದಲಾಗಿದೆ ಅಂತಲ್ಲ, ಅಳತೆಯ ಏರುಪೇರು ಅಷ್ಟಿರಬಹುದು.

ಪೈಪಿನ ಲೆಕ್ಕ

ಇಡೀ ದೇಹಕ್ಕೆ ರಕ್ತ ತಳ್ಳುವ ಈ ಸ್ನಾಯುವಿಗೂ ರಕ್ತ ಬೇಕಲ್ಲ? ಅದಕ್ಕಾಗಿ ಮಹಾಪಧಮನಿಯ ಬುಡದಿಂದಲೇ ಎರಡು ಕೊರೋನರಿ ರಕ್ತನಾಳಗಳು ಹೊರಡುತ್ತವೆ. ಎಡಗಡೆಯದು ಮತ್ತೆ ಎರಡಾಗಿ ಕವಲೊಡೆಯುತ್ತದೆ. ಇವುಗಳ ವ್ಯಾಸ ಕೇವಲ 3–4 ಮಿ.ಮೀ. ವಿಶ್ರಾಂತಿಯಲ್ಲಿ ಇವುಗಳಲ್ಲಿ ನಿಮಿಷಕ್ಕೆ ಸುಮಾರು 250 ಮಿ.ಲೀ. ಹರಿಯುತ್ತದೆ. ಹೃದಯ ತಳ್ಳುವ ಒಟ್ಟು ರಕ್ತದಲ್ಲಿ ಇದು ಶೇ. 5 ಮಾತ್ರ.

ಇಲ್ಲಿ ಎರಡು ವಿಶೇಷಗಳಿವೆ. ಒಂದು, ಹೃದಯ ಹಿಂಡುವಾಗ ತನ್ನದೇ ರಕ್ತನಾಳಗಳನ್ನೂ ಅಮುಕುತ್ತದೆ. ಹಾಗಾಗಿ ಎಡ ಹೃತ್ಕುಕ್ಷಿಗೆ ರಕ್ತ ಸಿಗುವುದು ಹೆಚ್ಚಾಗಿ ಅದು ಸಡಿಲಗೊಂಡಾಗ. ಬಡಿತ ಜೋರಾದಷ್ಟೂ ಆ ಸಡಿಲದ ಸಮಯ ಕಡಿಮೆ. ಎರಡು, ಹೃದಯದ ಸ್ನಾಯು ಸುಮ್ಮನೆ ಇರುವಾಗಲೇ ತನಗೆ ಬರುವ ಆಮ್ಲಜನಕದಲ್ಲಿ ಶೇ. 70ರಷ್ಟನ್ನು ಹೀರಿಕೊಂಡಿರುತ್ತದೆ. ಕಾಲಿನ ಸ್ನಾಯುವಿನ ಹಾಗೆ "ಕಷ್ಟ ಬಂದಾಗ ಇನ್ನಷ್ಟು ಹೀರೋಣ" ಅನ್ನುವ ಅವಕಾಶ ಅದಕ್ಕಿಲ್ಲ. ಮೆಟ್ಟಿಲು ಹತ್ತುವಾಗ ಹೆಚ್ಚು ಆಮ್ಲಜನಕ ಬೇಕೆಂದರೆ ಹರಿವೇ ಹೆಚ್ಚಬೇಕು.

ಈಗ ಬ್ಲಾಕ್. ಪ್ವಾಸೇ ನಿಯಮದ ಪ್ರಕಾರ ತ್ರಿಜ್ಯ ಅರ್ಧವಾದರೆ ಪ್ರತಿರೋಧ 16 ಪಟ್ಟು. ಹಾಗಾದರೆ ಶೇ. 50 ಬ್ಲಾಕ್ ಇದ್ದವರೆಲ್ಲ ಕೂತಲ್ಲೇ ಕುಸಿಯಬೇಕಿತ್ತಲ್ಲ? ಹಾಗಾಗುವುದಿಲ್ಲ. ಯಾಕೆ ಅಂತ ಸರ್ಕ್ಯೂಟ್ ಭಾಷೆಯಲ್ಲಿ ನೋಡೋಣ.

ಕಣ್ಣಿಗೆ ಕಾಣುವ ದೊಡ್ಡ ಕೊರೋನರಿ ನಾಳದ ಪ್ರತಿರೋಧ ತೀರ ಕಡಿಮೆ. ನಿಜವಾದ ಪ್ರತಿರೋಧ ಇರುವುದು ಅದರ ಮುಂದಿನ, ಕೂದಲಿಗಿಂತ ಸಣ್ಣ ನಾಳಗಳಲ್ಲಿ. ಅವು ಬೇಕಾದಾಗ ಹಿಗ್ಗುತ್ತವೆ. ಅಂದರೆ ಅದು ವೇರಿಯಬಲ್ ರೆಸಿಸ್ಟರ್. ಬ್ಲಾಕ್ ಅನ್ನೋದು ಅದರ ಜೊತೆ ಸೀರೀಸ್‌ನಲ್ಲಿ ಸೇರಿಕೊಂಡ ಇನ್ನೊಂದು ರೆಸಿಸ್ಟರ್. ಒಂದು ಸರಳ ಲೆಕ್ಕ (ಸಂಖ್ಯೆಗಳು ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ):

– ಒತ್ತಡ 100. ವಿಶ್ರಾಂತಿಯಲ್ಲಿ ಸಣ್ಣ ನಾಳಗಳ ಪ್ರತಿರೋಧ 100. ಹರಿವು 1.
– ಓಡುವಾಗ ಸಣ್ಣ ನಾಳಗಳು ಪೂರ್ತಿ ಹಿಗ್ಗಿ ಪ್ರತಿರೋಧ 25 ಆಯಿತು. ಹರಿವು 100/25 = 4.
– ಈಗ 10 ಪ್ರತಿರೋಧದ ಬ್ಲಾಕ್ ಬಂತು. ವಿಶ್ರಾಂತಿಯಲ್ಲಿ ಸಣ್ಣ ನಾಳಗಳು ಸ್ವಲ್ಪ ಹಿಗ್ಗಿ 90ಕ್ಕೆ ಇಳಿದರೆ ಸಾಕು, ಒಟ್ಟು ಮತ್ತೆ 100. ಹರಿವು 1. ವ್ಯತ್ಯಾಸವೇ ಇಲ್ಲ!
– ಓಡುವಾಗ? 25 + 10 = 35. ಹರಿವು 100/35, ಅಂದರೆ ಸುಮಾರು 2.86. ಬೇಕಾಗಿದ್ದು 4.

ಕೂತಾಗ ಏನೂ ಇಲ್ಲ, ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತದೆ ಅನ್ನುವ ಆಂಜೈನಾ ನೋವಿನ ಹಿಂದಿನ ಕಾರಣ ಇದೇ. ಇದು ಬರೀ ಕಾಗದದ ಲೆಕ್ಕ ಅಲ್ಲ. 1974ರಲ್ಲಿ ಅಮೆರಿಕದ ಲಾನ್ಸ್ ಗೌಲ್ಡ್ ಮತ್ತು ಸಂಗಡಿಗರು ನಾಯಿಗಳ ಕೊರೋನರಿ ನಾಳವನ್ನು ಸ್ವಲ್ಪಸ್ವಲ್ಪವೇ ಬಿಗಿಮಾಡುತ್ತಾ ಹರಿವನ್ನು ಅಳೆದರು. ವ್ಯಾಸ ಸುಮಾರು ಶೇ. 85ರಷ್ಟು ಕಡಿಮೆಯಾಗುವವರೆಗೂ ವಿಶ್ರಾಂತಿಯ ಹರಿವು ಇಳಿಯಲಿಲ್ಲ. ಆದರೆ ಗರಿಷ್ಠ ಹರಿವು ಶೇ. 30–45ರ ಹೊತ್ತಿಗೇ ಇಳಿಯತೊಡಗಿತು.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಓಡುವಾಗ ಬ್ಲಾಕ್ ದಾಟಿದ ಮೇಲಿನ ಒತ್ತಡ 2.86 × 25, ಅಂದರೆ ಸುಮಾರು 71. ಮೊದಲಿನ ಒತ್ತಡ 100. ಅನುಪಾತ 0.71. ಹರಿವಿನ ಅನುಪಾತ 2.86/4, ಅದೂ 0.71! ಹರಿವನ್ನು ಅಳೆಯುವುದು ಕಷ್ಟ, ಒತ್ತಡ ಅಳೆಯುವುದು ಸುಲಭ. ನೆದರ್ಲೆಂಡ್ಸ್‌ನ ನಿಕೋ ಪೈಲ್ಸ್ ಮತ್ತು ಬೆಲ್ಜಿಯಂನ ಬರ್ನಾರ್ಡ್ ಡಿ ಬ್ರೂಯ್ನ್ ಈ ತತ್ವವನ್ನೇ ಹಿಡಿದು, ತುದಿಯಲ್ಲಿ ಪ್ರೆಷರ್ ಸೆನ್ಸರ್ ಇರುವ ತೆಳು ತಂತಿಯಿಂದ ಬ್ಲಾಕ್ ಅಳೆಯುವ ವಿಧಾನವನ್ನು ಬಳಕೆಗೆ ತಂದರು. ಅದರ ಹೆಸರು ಎಫ್‌ಎಫ್‌ಆರ್. 0.80 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ಲಾಕ್ ನಿಜಕ್ಕೂ ಹರಿವಿಗೆ ಅಡ್ಡ ಬಂದಿದೆ ಎಂದು ತಿಳಿಯುತ್ತಾರೆ.

2009ರ 'ಫೇಮ್' ಪ್ರಯೋಗದಲ್ಲಿ ಒಂದಕ್ಕಿಂತ ಹೆಚ್ಚು ನಾಳದಲ್ಲಿ ಬ್ಲಾಕ್ ಇದ್ದ 1,005 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಂಜಿಯೋಗ್ರಾಮ್ ಚಿತ್ರ ನೋಡಿ ಸ್ಟೆಂಟ್, ಇನ್ನೊಂದಕ್ಕೆ ಒತ್ತಡ ಅಳೆದು ಸ್ಟೆಂಟ್. ಅಳೆದ ಗುಂಪಿನಲ್ಲಿ ಒಬ್ಬರಿಗೆ ಸರಾಸರಿ 1.9 ಸ್ಟೆಂಟ್, ಬರೀ ಚಿತ್ರ ನೋಡಿದ ಗುಂಪಿನಲ್ಲಿ 2.7. ಆದರೂ ಒಂದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮತ್ತೊಮ್ಮೆ ಚಿಕಿತ್ಸೆ ಬೇಕಾದವರು ಅಳೆದ ಗುಂಪಿನಲ್ಲಿ ಶೇ. 13.2, ಚಿತ್ರದ ಗುಂಪಿನಲ್ಲಿ ಶೇ. 18.3. ಕಣ್ಣಂದಾಜಿಗಿಂತ ಅಳತೆ ಮೇಲು.

ಇಲ್ಲಿಯವರೆಗೆ ಪೈಪಿನ ಲೆಕ್ಕ ಚೆನ್ನಾಗಿಯೇ ನಡೆಯಿತು. ಇನ್ನು ಮುಂದೆ ತಕರಾರು.

ಕಟ್ಟದ ನಾಳವೂ ನೋವು ಕಡಿಮೆ ಮಾಡಿತು

1950ರ ದಶಕದಲ್ಲಿ ಎದೆನೋವಿಗೆ ಒಂದು ಆಪರೇಷನ್ ಬಹಳ ಜನಪ್ರಿಯವಾಗಿತ್ತು. ಎದೆಗೂಡಿನ ಒಳಗೋಡೆಯ ಮೇಲೆ ಇಳಿಯುವ ಮ್ಯಾಮರಿ ನಾಳಗಳನ್ನು ಕಟ್ಟಿಬಿಡುವುದು. ಕಾಲುವೆಯ ಒಂದು ಕವಲಿಗೆ ಒಡ್ಡು ಹಾಕಿದರೆ ನೀರು ಇನ್ನೊಂದು ಕವಲಿಗೆ ಹರಿಯುತ್ತದಲ್ಲ, ಹಾಗೆ ಆ ರಕ್ತ ಹೃದಯದ ಕಡೆ ತಿರುಗುತ್ತದೆ ಅನ್ನೋದು ತರ್ಕ. ಮಾಡಿಸಿಕೊಂಡ ಬಹಳಷ್ಟು ಜನ "ನೋವು ಕಡಿಮೆಯಾಯ್ತು" ಅಂದರು. ತರ್ಕವೂ ಇದೆ, ಫಲವೂ ಇದೆ. ಇನ್ನೇನು ಬೇಕು?

ಸಿಯಾಟಲ್‌ನ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು 1959ರಲ್ಲಿ 17 ರೋಗಿಗಳ ಮೇಲಿನ ಪ್ರಯೋಗದ ವರದಿ ಪ್ರಕಟಿಸಿದರು. ಎಲ್ಲರಿಗೂ ಎದೆಯ ಚರ್ಮ ಕೊಯ್ದರು. 8 ಜನರಿಗೆ ನಾಳ ಕಟ್ಟಿದರು, 9 ಜನರಿಗೆ ಕಟ್ಟದೆ ಹೊಲಿಗೆ ಹಾಕಿದರು. ಯಾರಿಗೆ ಏನು ಮಾಡಿದೆ ಅಂತ ರೋಗಿಗಳಿಗೆ ಹೇಳಲಿಲ್ಲ. ಕಟ್ಟದವರಿಗೂ ಕಟ್ಟಿದವರಷ್ಟೇ ಗುಣ ಕಂಡಿತು! ಮರುವರ್ಷ ಕಾನ್ಸಾಸ್‌ನ ಗ್ರೇ ಡೈಮಂಡ್ ತಂಡ 18 ಜನರಲ್ಲಿ ಮಾಡಿದ ಇಂಥದ್ದೇ ಪ್ರಯೋಗವೂ ಅದನ್ನೇ ಹೇಳಿತು. ಆ ಆಪರೇಷನ್ ಅಲ್ಲಿಗೆ ಮುಗಿಯಿತು.

ಹಾಗಂತ ಆ ರೋಗಿಗಳು ಸುಳ್ಳು ಹೇಳುತ್ತಿದ್ದರು ಅಂತಲ್ಲ. ನೋವು ಏರುತ್ತದೆ, ಇಳಿಯುತ್ತದೆ. ಜನ ಡಾಕ್ಟರ ಹತ್ತಿರ ಹೋಗುವುದು ನೋವು ಅತಿಯಾದಾಗ. ಅದಾದ ಮೇಲೆ ಏನು ಮಾಡಿದರೂ, ಮಾಡದಿದ್ದರೂ, ಸ್ವಲ್ಪ ಇಳಿಯುವುದೇ ಹೆಚ್ಚು. ಅದರ ಜೊತೆಗೆ "ನನಗೆ ದೊಡ್ಡ ಚಿಕಿತ್ಸೆ ಆಗಿದೆ" ಅನ್ನುವ ನಂಬಿಕೆಯೂ ನೋವನ್ನು ತಗ್ಗಿಸುತ್ತದೆ. ಇದನ್ನೇ ಪ್ಲಾಸಿಬೊ ಪರಿಣಾಮ ಅನ್ನೋದು.

ಆದ್ದರಿಂದ ನಂಬಬಹುದಾದ ಪ್ರಯೋಗಕ್ಕೆ ಮೂರು ಕಟ್ಟುಪಾಡು. ಒಂದು, ಹೋಲಿಸಲು ಇನ್ನೊಂದು ಗುಂಪು ಇರಬೇಕು. ಎರಡು, ಯಾರು ಯಾವ ಗುಂಪಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು; ಡಾಕ್ಟರೇ ಆರಿಸಿದರೆ ಗಟ್ಟಿ ಇರುವವರು ಒಂದು ಕಡೆ, ಸೋತವರು ಇನ್ನೊಂದು ಕಡೆ ಸೇರಿಬಿಡುತ್ತಾರೆ. ಮೂರು, ಸಾಧ್ಯವಾದ ಕಡೆ ರೋಗಿಗೂ ಅಳೆಯುವವರಿಗೂ ಯಾವ ಗುಂಪು ಅಂತ ಗೊತ್ತಿರಬಾರದು.

ಇಸಿಜಿ ಸುಂದರವಾಯಿತು, ಸಾವು ಹೆಚ್ಚಾಯಿತು

ಹೃದಯಾಘಾತ ಆದವರ ಇಸಿಜಿಯಲ್ಲಿ ನಡುನಡುವೆ ಹೆಚ್ಚುವರಿ ಬಡಿತ ಕಾಣುವುದುಂಟು. ಅಂಥ ಬಡಿತ ಹೆಚ್ಚಿದ್ದವರು ಹಠಾತ್ತನೆ ಸಾಯುವ ಸಂಭವವೂ ಹೆಚ್ಚು. ಆ ಬಡಿತವನ್ನು ಅಡಗಿಸುವ ಮಾತ್ರೆಗಳು ಇದ್ದವು: ಎನ್‌ಕೈನೈಡ್, ಫ್ಲೆಕೈನೈಡ್. ಬಡಿತ ಅಡಗಿಸಿದರೆ ಸಾವು ತಪ್ಪುತ್ತದೆ ಅಂತ ವೈದ್ಯರು ಧಾರಾಳವಾಗಿ ಕೊಡುತ್ತಿದ್ದರು.

'ಕ್ಯಾಸ್ಟ್' ಎಂಬ ಪ್ರಯೋಗದಲ್ಲಿ ಈ ಮಾತ್ರೆಗಳಿಂದ ಬಡಿತ ನಿಜಕ್ಕೂ ಅಡಗುವ ರೋಗಿಗಳನ್ನೇ ಆರಿಸಿ, 755 ಜನರಿಗೆ ಮಾತ್ರೆ, 743 ಜನರಿಗೆ ಪೊಳ್ಳು ಮಾತ್ರೆ ಕೊಟ್ಟರು. ಸರಾಸರಿ ಹತ್ತು ತಿಂಗಳಲ್ಲಿ ಮಾತ್ರೆ ತಗೊಂಡವರಲ್ಲಿ 63 ಸಾವು, ಪೊಳ್ಳು ಮಾತ್ರೆಯವರಲ್ಲಿ 26. ಪ್ರಯೋಗದ ಈ ಭಾಗವನ್ನು 1989ರಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು.

ಕಂಟ್ರೋಲ್ ಸಿಸ್ಟಮ್ ಓದಿದವರಿಗೆ ಇದರ ಪಾಠ ಬೇಗ ತಿಳಿಯುತ್ತದೆ. ಅಳೆಯಲು ಸುಲಭವಾದ ಸಂಖ್ಯೆಯನ್ನು ಸರಿಮಾಡುವುದೇ ಬೇರೆ, ನಮಗೆ ಬೇಕಾದ ಫಲ ಪಡೆಯುವುದೇ ಬೇರೆ. ರೋಗಿಗೆ ಬೇಕಾದ್ದು ಚೆಂದದ ಇಸಿಜಿ ಅಲ್ಲ, ಬದುಕು.

ಊಹೆ ಗೆದ್ದ ಜಾಗ: ಹೃದಯಾಘಾತ

ಹೃದಯಾಘಾತದಲ್ಲಿ ಆಗುವುದೇನು? ನಾಳದ ಗೋಡೆಯಲ್ಲಿ ಕೂತ ಕೊಬ್ಬಿನ ಗಂಟು ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚುತ್ತದೆ. ಅದರಾಚೆಯ ಸ್ನಾಯು ಗಂಟೆಗಳಲ್ಲಿ ಸಾಯುತ್ತಾ ಹೋಗುತ್ತದೆ. ಇಲ್ಲಿ ಪೈಪು ತೆರೆಯಲೇಬೇಕು.

ಇದನ್ನು ತೋರಿಸಿದ ದೊಡ್ಡ ಪ್ರಯೋಗಗಳಲ್ಲಿ ಒಂದು 1988ರ 'ಐಸಿಸ್-2'. ಹೆಸರು ಕೇಳಿ ಗಾಬರಿಯಾಗಬೇಡಿ, ಇದು ಹೃದಯಾಘಾತದಿಂದ ಬದುಕುಳಿಯುವವರ ಬಗೆಗಿನ ಅಂತರರಾಷ್ಟ್ರೀಯ ಅಧ್ಯಯನ. 417 ಆಸ್ಪತ್ರೆಗಳು, 17,187 ರೋಗಿಗಳು. ಐದು ವಾರಗಳಲ್ಲಿ ಹೃದಯ, ರಕ್ತನಾಳ ಸಂಬಂಧಿ ಸಾವು ಎರಡೂ ಔಷಧ ಇಲ್ಲದವರಲ್ಲಿ ಶೇ. 13.2. ಆಸ್ಪಿರಿನ್ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎರಡನ್ನೂ ಪಡೆದವರಲ್ಲಿ ಶೇ. 8.0. ಅತಿ ಅಗ್ಗದ ಆಸ್ಪಿರಿನ್ ಒಂದೇ ಸಾವನ್ನು ಸುಮಾರು ಕಾಲು ಭಾಗ ತಗ್ಗಿಸಿತು. ಮುಂದೆ, ಆಘಾತದ ಹೊತ್ತಿನಲ್ಲೇ ಬಲೂನಿನಿಂದ ನಾಳ ತೆರೆಯುವುದು ಹೆಪ್ಪು ಕರಗಿಸುವುದಕ್ಕಿಂತಲೂ ಮೇಲು ಅಂತ ತಿಳಿಯಿತು. 2003ರಲ್ಲಿ 23 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೊದಲ ವಾರಗಳ ಸಾವು ಶೇ. 9ರಿಂದ 7ಕ್ಕೆ ಇಳಿದಿತ್ತು.

ಐಸಿಸ್-2ರಲ್ಲಿ ಒಂದು ತಮಾಷೆಯ ಪಾಠವೂ ಇದೆ. ಪ್ರಕಟಿಸುವಾಗ "ವಯಸ್ಸಿನ ಪ್ರಕಾರ, ಲಿಂಗದ ಪ್ರಕಾರ ಬಿಡಿಬಿಡಿಯಾಗಿ ಫಲಿತಾಂಶ ಕೊಡಿ" ಅನ್ನುವ ಬೇಡಿಕೆ ಬಂತು. ಸಂಶೋಧಕರು ಕೊಟ್ಟರು. ಜೊತೆಗೆ ರಾಶಿಯ ಪ್ರಕಾರವೂ ಕೊಟ್ಟರು! ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲ, ಸ್ವಲ್ಪ ನಷ್ಟವೇ. ಉಳಿದ ಹತ್ತು ರಾಶಿಯವರಿಗೆ ಭಾರಿ ಲಾಭ ಅಂತ ಬಂತು. (ಅದು ಹುಟ್ಟಿದ ತಾರೀಖಿನ ಪಾಶ್ಚಾತ್ಯ ರಾಶಿ. ನಮ್ಮ ಪಂಚಾಂಗದ ಪ್ರಕಾರ ಮಾಡಿದ್ದರೆ ಬೇರೆ ಯಾರೋ ಸಿಕ್ಕಿಹಾಕಿಕೊಳ್ಳುತ್ತಿದ್ದರು.) ಡೇಟಾವನ್ನು ಚೂರು ಚೂರು ಮಾಡಿದರೆ ಎಲ್ಲೋ ಒಂದು ಕಡೆ ಬರೀ ಆಕಸ್ಮಿಕವಾಗಿ ವಿಚಿತ್ರ ಫಲ ಬಂದೇ ಬರುತ್ತದೆ ಅಂತ ತೋರಿಸುವುದೇ ಅವರ ಉದ್ದೇಶ. ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವವರು ಈ ಟೇಬಲ್ ಅನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಈ ಐಸಿಸ್ ಪ್ರಯೋಗಮಾಲೆಯ ಆರಂಭದ ಕೆಲಸದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೈಜೋಡಿಸಿದವರಲ್ಲಿ ಸಲೀಂ ಯೂಸುಫ್ ಒಬ್ಬರು. ಅವರು ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ.

ಊಹೆ ಸೋತ ಜಾಗ: ಸ್ಥಿರವಾದ ಎದೆನೋವು

1977ರ ಸೆಪ್ಟೆಂಬರ್ 16ರಂದು ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಮೊದಲ ಬಾರಿಗೆ, ಎಚ್ಚರವಿದ್ದ ರೋಗಿಯ ಕೊರೋನರಿ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು. 1986ರಲ್ಲಿ ಸ್ಟೆಂಟ್ ಬಂತು. ಹೃದಯಾಘಾತದವರಿಗಷ್ಟೇ ಅಲ್ಲ, ನಡೆದಾಗ ಮಾತ್ರ ಎದೆ ನೋಯುವ, ತಿಂಗಳುಗಟ್ಟಲೆ ಒಂದೇ ಥರ ಇರುವ ರೋಗಿಗಳಿಗೂ ಹಾಕತೊಡಗಿದರು. ಮುಂದೆ ಹೃದಯಾಘಾತ ಆಗದಂತೆ ತಡೆಯುತ್ತದೆ ಅನ್ನೋದು ಎಲ್ಲರ ನಂಬಿಕೆ.

2007ರಲ್ಲಿ 'ಕರೇಜ್' ಪ್ರಯೋಗದ ಫಲಿತಾಂಶ ಬಂತು. ಅಮೆರಿಕ, ಕೆನಡಾದ 2,287 ರೋಗಿಗಳು. ಅರ್ಧ ಜನರಿಗೆ ಒಳ್ಳೆಯ ಔಷಧೋಪಚಾರ, ಇನ್ನರ್ಧ ಜನರಿಗೆ ಅದರ ಜೊತೆಗೆ ಸ್ಟೆಂಟ್. ಸುಮಾರು 4.6 ವರ್ಷ ಕಳೆದ ಮೇಲೆ ಸಾವು ಅಥವಾ ಹೃದಯಾಘಾತ ಆದವರು ಸ್ಟೆಂಟ್ ಗುಂಪಿನಲ್ಲಿ ಶೇ. 19.0, ಬರೀ ಔಷಧದ ಗುಂಪಿನಲ್ಲಿ ಶೇ. 18.5. ವ್ಯತ್ಯಾಸವಿಲ್ಲ.

"ನಿಜವಾಗಿ ರಕ್ತ ಕಡಿಮೆಯಾದವರನ್ನೇ ಆರಿಸಿದ್ದರೆ?" ಅಂತ ಪ್ರಶ್ನೆ ಬಂತು. ಅದಕ್ಕೆ 2020ರ 'ಇಸ್ಕೀಮಿಯಾ' ಪ್ರಯೋಗ: ಭಾರತವೂ ಸೇರಿ 37 ದೇಶ, 5,179 ರೋಗಿಗಳು, ಎಲ್ಲರಿಗೂ ಪರೀಕ್ಷೆಯಲ್ಲಿ ಹೃದಯಕ್ಕೆ ರಕ್ತ ಸಾಲದಿರುವುದು ಖಚಿತವಾಗಿತ್ತು. ಸುಮಾರು ಮೂರು ವರ್ಷದ ನಂತರ ಮೊದಲೇ ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡುವ ಗುಂಪಿನಲ್ಲಿ 145 ಸಾವು; ಔಷಧದಿಂದ ಶುರುಮಾಡಿದ ಗುಂಪಿನಲ್ಲಿ 144.

ಯಾಕೆ ಹೀಗೆ? ಸ್ಟೆಂಟ್ ಸರಿಮಾಡುವುದು 2 ಸೆಂ.ಮೀ. ಆಸುಪಾಸಿನ ಒಂದು ಜಾಗವನ್ನು. ಕಾಯಿಲೆ ಇರುವುದು ಇಡೀ ನಾಳದ ಗೋಡೆಯಲ್ಲಿ. ಹಲವಾರು ಸಲ ಒಡೆಯುವುದು ಅತಿ ಕಿರಿದಾದ ಜಾಗವಲ್ಲ, ಆಂಜಿಯೋಗ್ರಾಮ್‌ನಲ್ಲಿ ಶೇ. 50ಕ್ಕಿಂತ ಕಡಿಮೆ ಕಾಣುವ, ಒಳಗೆ ಮೆತ್ತಗಿನ ಕೊಬ್ಬು ತುಂಬಿದ ಗಂಟು. ಹಳೇ ಕಟ್ಟಡಕ್ಕೆ ಹೋಲಿಸಿದರೆ, ದೊಡ್ಡದಾಗಿ ಕಾಣುವ ಬಿರುಕಿಗೆ ಪ್ಲಾಸ್ಟರ್ ಮಾಡಿದಂತೆ. ಒಳಗೆ ತುಕ್ಕು ಹಿಡಿದ ಕಂಬಿ ಬೇರೆ ಎಲ್ಲೋ ಇದೆ. ಇಡೀ ಗೋಡೆಗೆ ಕೆಲಸ ಮಾಡುವುದು ಸ್ಟ್ಯಾಟಿನ್ ಮಾತ್ರೆ, ಬಿಪಿ ನಿಯಂತ್ರಣ, ಸಿಗರೇಟು ಬಿಡುವುದು.

ಸ್ಟ್ಯಾಟಿನ್ ಬಗ್ಗೆ ಒಂದು ಕೈಲೆಕ್ಕ. 1994ರ '4ಎಸ್' ಪ್ರಯೋಗದಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳಿದ್ದರು. ಐದೂವರೆ ವರ್ಷದ ಹತ್ತಿರಹತ್ತಿರ ಪೊಳ್ಳು ಮಾತ್ರೆಯ 2,223 ಜನರಲ್ಲಿ 256 ಸಾವು, ಸಿಮ್ವಾಸ್ಟ್ಯಾಟಿನ್‌ನ 2,221 ಜನರಲ್ಲಿ 182. ಅಂದರೆ ಶೇ. 11.5 ಮತ್ತು 8.2. ಜಾಹೀರಾತಿನವರು "ಸಾವು ಶೇ. 30ರಷ್ಟು ಇಳಿಕೆ" ಅನ್ನುತ್ತಾರೆ. ನಿಜ. ನೇರ ವ್ಯತ್ಯಾಸ ಶೇ. 3.3. ಅದೂ ನಿಜ. 100 ಭಾಗಿಸು 3.3, ಅಂದರೆ 30 ಜನ ಅಷ್ಟು ವರ್ಷ ಮಾತ್ರೆ ತಗೊಂಡರೆ ಒಬ್ಬರ ಜೀವ ಉಳಿಯುತ್ತದೆ. ಯಾವುದೇ ಆರೋಗ್ಯದ ಸುದ್ದಿ ಓದಿದಾಗ ಈ ಎರಡೂ ಸಂಖ್ಯೆ ಕೇಳಿ.

ಹೆಡ್‌ಫೋನ್ ಹಾಕಿದ ಪ್ರಯೋಗ

"ಸರಿ, ಆಯುಸ್ಸು ಹೆಚ್ಚದಿದ್ದರೂ ನೋವಾದರೂ ಕಡಿಮೆಯಾಗುತ್ತಲ್ಲ?" ಕರೇಜ್, ಇಸ್ಕೀಮಿಯಾ ಎರಡರಲ್ಲೂ ರೋಗಿಗೆ ತನಗೆ ಸ್ಟೆಂಟ್ ಹಾಕಿದ್ದು ಗೊತ್ತಿತ್ತು. 1959ರ ಪಾಠ ನೆನಪಿದೆಯಲ್ಲ?

ಲಂಡನ್‌ನ ಇಂಪೀರಿಯಲ್ ಕಾಲೇಜಿನ ರಾಶಾ ಅಲ್-ಲಾಮೀ ಮತ್ತು ಸಂಗಡಿಗರು 2017ರಲ್ಲಿ 'ಆರ್ಬಿಟಾ' ಪ್ರಯೋಗ ಪ್ರಕಟಿಸಿದರು. ಒಂದೇ ನಾಳದಲ್ಲಿ ಶೇ. 70 ಅಥವಾ ಹೆಚ್ಚು ಬ್ಲಾಕ್ ಇದ್ದ 200 ಜನ. ಮೊದಲು ಆರು ವಾರ ಔಷಧ ಸರಿಹೊಂದಿಸಿದರು. ಆಮೇಲೆ ಎಲ್ಲರನ್ನೂ ಕ್ಯಾಥ್‌ಲ್ಯಾಬ್‌ಗೆ ಕರೆದುಕೊಂಡು ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿ, ಮಂಪರಿನ ಔಷಧ ಕೊಟ್ಟು, ತಂತಿ ಒಳಗೆ ಬಿಟ್ಟರು. 105 ಜನರಿಗೆ ಸ್ಟೆಂಟ್ ಹಾಕಿದರು, 95 ಜನರಿಗೆ ಹಾಕಲಿಲ್ಲ. ಆದರೆ ಟೇಬಲ್ ಮೇಲೆ ಇನ್ನೂ ಕಾಲು ಗಂಟೆಯಾದರೂ ಮಲಗಿಸಿದರು. ರೋಗಿಗೂ ಗೊತ್ತಿಲ್ಲ, ಆಮೇಲೆ ನೋಡಿಕೊಂಡ ವೈದ್ಯರಿಗೂ ಗೊತ್ತಿಲ್ಲ.

ಆರು ವಾರದ ನಂತರ ಟ್ರೆಡ್‌ಮಿಲ್ ಮೇಲೆ ನಡೆಯುವ ಸಮಯ ಸ್ಟೆಂಟ್ ಗುಂಪಿನಲ್ಲಿ 28.4 ಸೆಕೆಂಡ್, ಇನ್ನೊಂದರಲ್ಲಿ 11.8 ಸೆಕೆಂಡ್ ಹೆಚ್ಚಿತ್ತು. ವ್ಯತ್ಯಾಸ 16.6 ಸೆಕೆಂಡ್. ಅದರ ವಿಶ್ವಾಸದ ವ್ಯಾಪ್ತಿ ಮೈನಸ್ 8.9ರಿಂದ 42ರವರೆಗೆ. ಸೊನ್ನೆ ಇದರ ಒಳಗೇ ಬರುವುದರಿಂದ ಲಾಭ ಇದೆ ಅಂತ ಖಚಿತವಾಗಿ ಹೇಳಲಾಗದು.

ಕಥೆ ಅಲ್ಲಿಗೇ ಮುಗಿಯಲಿಲ್ಲ ಅನ್ನೋದೇ ವಿಜ್ಞಾನದ ಚೆಂದ. ಮೊದಲ ಪ್ರಯೋಗದಲ್ಲಿ ಔಷಧಗಳೇ ನೋವನ್ನು ಇಳಿಸಿಬಿಟ್ಟಿದ್ದವು, ಸ್ಟೆಂಟಿಗೆ ಕೆಲಸವೇ ಉಳಿದಿರಲಿಲ್ಲ ಅನ್ನುವ ಆಕ್ಷೇಪ ಬಂತು. ಅದೇ ತಂಡ 'ಆರ್ಬಿಟಾ-2' ಮಾಡಿತು. ಈ ಸಲ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ, 301 ಜನರಲ್ಲಿ ಮತ್ತೆ ಅದೇ ಗುಟ್ಟಿನ ಹೋಲಿಕೆ. 2023ರಲ್ಲಿ ಫಲ ಬಂತು: ಸ್ಟೆಂಟ್ ಹಾಕಿದವರಿಗೆ ನೋವು ಸ್ಪಷ್ಟವಾಗಿ ಕಡಿಮೆ, ನಡೆಯುವ ಸಮಯವೂ ಸುಮಾರು ಒಂದು ನಿಮಿಷ ಹೆಚ್ಚು. ಹಾಗಾಗಿ ಸ್ಟೆಂಟ್ ನೋವು ಕಡಿಮೆ ಮಾಡುವುದು ಬರೀ ನಂಬಿಕೆ ಅಲ್ಲ, ನಿಜ. ಸ್ಥಿರ ರೋಗದಲ್ಲಿ ಅದರ ಕೆಲಸ ನೋವು ನಿವಾರಣೆ, ಆಯುಸ್ಸು ಹೆಚ್ಚಿಸುವುದಲ್ಲ ಅಂತ ಬಿಡಿಸಿ ತಿಳಿಯಿತು.

ದುರ್ಬಲ ಹೃದಯದ ಪ್ರಶ್ನೆ

ಮತ್ತೆ ಇಎಫ್‌ಗೆ ಬರೋಣ. ಇಎಫ್ ಕಡಿಮೆ, ನಾಳಗಳಲ್ಲೂ ಬ್ಲಾಕ್. ರಕ್ತ ಸಿಕ್ಕರೆ ಮಂಕಾದ ಸ್ನಾಯು ಎಚ್ಚರಗೊಂಡು ಪಂಪು ಚುರುಕಾಗಬೇಕಲ್ವಾ? ಬ್ರಿಟನ್ನಿನ 'ರಿವೈವ್ಡ್' ಪ್ರಯೋಗದಲ್ಲಿ (2022) ಇಎಫ್ ಶೇ. 35 ಅಥವಾ ಕಡಿಮೆ ಇದ್ದ, ಸ್ನಾಯುವಿಗೆ ಜೀವ ಇದೆ ಅಂತ ಪರೀಕ್ಷೆಯಲ್ಲಿ ಕಂಡ 700 ಜನರಿದ್ದರು. ಸುಮಾರು ಮೂರೂವರೆ ವರ್ಷದಲ್ಲಿ ಸಾವು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು ಸ್ಟೆಂಟ್ ಗುಂಪಿನಲ್ಲಿ ಶೇ. 37.2, ಬರೀ ಔಷಧದ ಗುಂಪಿನಲ್ಲಿ ಶೇ. 38.0. ಇಎಫ್ ಕೂಡ ಎರಡರಲ್ಲೂ ಒಂದೇ.

ಆದರೆ ಇಂಥ ರೋಗಿಗಳಲ್ಲಿ ಬೈಪಾಸ್ ಸರ್ಜರಿಯ ಕಥೆ ಬೇರೆ. 'ಸ್ಟಿಚ್' ಪ್ರಯೋಗದ 1,212 ಜನರಲ್ಲಿ ಮೊದಲ ಐದು ವರ್ಷಕ್ಕೆ ಸಾವಿನ ವ್ಯತ್ಯಾಸ ಖಚಿತವಾಗಲಿಲ್ಲ. ಹತ್ತು ವರ್ಷ ಕಾದ ಮೇಲೆ ಬೈಪಾಸ್ ಗುಂಪಿನಲ್ಲಿ ಶೇ. 58.9, ಔಷಧದ ಗುಂಪಿನಲ್ಲಿ ಶೇ. 66.1 ಸಾವು. ಬೈಪಾಸ್‌ನಲ್ಲಿ ಹೊಸ ನಾಳ ಕಾಯಿಲೆಯ ಉದ್ದಕ್ಕೂ ಬಳಸಿಕೊಂಡು ಮುಂದೆ ಸೇರುತ್ತದೆ, ಹಾಗಾಗಿ ನಾಳೆ ಒಡೆಯಬಹುದಾದ ಗಂಟುಗಳಿಂದಲೂ ರಕ್ಷಣೆ ಅನ್ನೋದು ಒಂದು ವಿವರಣೆ. ಇದೂ ಒಂದು ತರ್ಕವೇ, ನೆನಪಿರಲಿ.

ನಮ್ಮ ಮನೆಗೆ ಬಂದರೆ

ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತಿತರರು ದೇಶದ 89 ಆಸ್ಪತ್ರೆಗಳ 20,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಕಲೆಹಾಕಿದ 'ಕ್ರಿಯೇಟ್' ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿದರು. ಅದರಲ್ಲಿ ಎದೆ ಹಿಡಿದುಕೊಂಡ ಹೊತ್ತಿನಿಂದ ಆಸ್ಪತ್ರೆ ಮುಟ್ಟುವವರೆಗಿನ ಮಧ್ಯಾಂಕ ಸಮಯ 360 ನಿಮಿಷ. ಆರು ಗಂಟೆ! ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸುವ ಔಷಧ ಕೊಡಲು ಹಿಡಿದದ್ದು 50 ನಿಮಿಷ. ಅಂದರೆ ಹೆಚ್ಚು ಸ್ನಾಯು ಸತ್ತದ್ದು ಆಸ್ಪತ್ರೆಯ ಹೊರಗೆ: "ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ, ಬೆಳಿಗ್ಗೆ ನೋಡೋಣ" ಅನ್ನುವ ಹೊತ್ತಿನಲ್ಲಿ.

ನೋಡಿ, ಎಲ್ಲಿ ಪೈಪು ತೆರೆಯುವುದು ಜೀವ ಉಳಿಸುತ್ತದೋ ಅಲ್ಲಿ ನಾವು ತಡ ಮಾಡುತ್ತೇವೆ. ಎಲ್ಲಿ ಯೋಚಿಸಲು ಸಮಯ ಇದೆಯೋ ಅಲ್ಲಿ "ಇವತ್ತೇ ಹಾಕಿಸಿಬಿಡಿ" ಅಂತ ಅವಸರ ಮಾಡುತ್ತೇವೆ. ಇದು ತಿರುಗಬೇಕು.

ಹಾಗಾಗಿ ಇಷ್ಟು ನೆನಪಿಡೋಣ:

1. ಎದೆ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಹಬ್ಬುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು ಸುಮ್ಮನೆ ಕೂತಾಗಲೂ ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ನೋಡಿ ಹೆಪ್ಪು ಕರಗಿಸುವ ಔಷಧ ಕೊಡುವ ವ್ಯವಸ್ಥೆ ಇದೆ. ಆ ಹೊತ್ತಿನಲ್ಲಿ ಈ ಲೇಖನದ ಕರೇಜ್, ಇಸ್ಕೀಮಿಯಾ ನೆನಪಿಸಿಕೊಂಡು ವಾದ ಮಾಡಬೇಡಿ. ಅವು ಹೃದಯಾಘಾತದವರ ಮೇಲೆ ಮಾಡಿದ ಪ್ರಯೋಗಗಳಲ್ಲ.

2. ನೋವು ಸ್ಥಿರವಾಗಿದ್ದು, ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಕಂಡರೆ ವೈದ್ಯರನ್ನು ವಿನಯದಿಂದ ಕೇಳಿ: "ಸರ್, ಇದು ಎಡ ಮುಖ್ಯ ನಾಳದಲ್ಲಿದೆಯಾ? ಇಎಫ್ ಎಷ್ಟಿದೆ? ಒತ್ತಡ ಅಳೆದು ನೋಡಬಹುದಾ? ಸ್ಟೆಂಟ್ ನೋವಿಗಾಗಿಯಾ, ಜೀವಕ್ಕಾಗಿಯಾ? ಮೊದಲು ಔಷಧ ಕೊಟ್ಟು ನೋಡಬಹುದಾ?" ಎಡ ಮುಖ್ಯ ನಾಳದ ಬ್ಲಾಕ್ ಇದ್ದವರನ್ನು ಈ ಪ್ರಯೋಗಗಳಿಂದ ಹೊರಗಿಟ್ಟಿದ್ದರು, ಅವರ ದಾರಿ ಬೇರೆ.

3. ಸ್ಟೆಂಟ್ ಈಗಾಗಲೇ ಹಾಕಿಸಿಕೊಂಡವರು ಮನೆಯಲ್ಲಿದ್ದರೆ, "ಈಗ ಸರಿಹೋಯ್ತಲ್ಲ" ಅಂತ ಮಾತ್ರೆ ಬಿಡದಂತೆ ನೋಡಿಕೊಳ್ಳಿ. ವೈದ್ಯರನ್ನು ಕೇಳದೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನ ಒಳಗೇ ಹೆಪ್ಪುಗಟ್ಟಬಹುದು. ಸ್ಟ್ಯಾಟಿನ್ ನಿಲ್ಲಿಸಿದರೆ ಉಳಿದ ಗೋಡೆಗೆ ಕಾವಲು ತಪ್ಪುತ್ತದೆ.

ಯೋಚಿಸಲು ಎರಡು ಪ್ರಶ್ನೆ

ಒಂದು: ಮೇಲಿನ ಸರ್ಕ್ಯೂಟ್ ಲೆಕ್ಕದಲ್ಲಿ ಬ್ಲಾಕಿನ ಪ್ರತಿರೋಧ 5 ಆದರೆ ಎಫ್‌ಎಫ್‌ಆರ್ ಎಷ್ಟು? 0.80ರ ಗೆರೆಯ ಯಾವ ಕಡೆ ಬರುತ್ತದೆ? ಅದೇ ಬ್ಲಾಕ್ ಇದ್ದು, ಸಕ್ಕರೆ ಕಾಯಿಲೆಯಿಂದ ಸಣ್ಣ ನಾಳಗಳು 25ರ ಬದಲು 50ರವರೆಗೆ ಮಾತ್ರ ಹಿಗ್ಗಿದರೆ ಎಫ್‌ಎಫ್‌ಆರ್ ಏನಾಗುತ್ತದೆ, ಹರಿವು ಏನಾಗುತ್ತದೆ? ಎಫ್‌ಎಫ್‌ಆರ್ ಚೆನ್ನಾಗಿ ಕಂಡರೂ ರೋಗಿಗೆ ನೋವು ಯಾಕೆ ಇರಬಹುದು ಅನ್ನೋದಕ್ಕೆ ಉತ್ತರ ಅದರಲ್ಲೇ ಇದೆ.

ಎರಡು: ನಿಮ್ಮ ಪ್ರಾಜೆಕ್ಟ್‌ನಲ್ಲಿ "ಇದು ಕೆಲಸ ಮಾಡಲೇಬೇಕು, ಥಿಯರಿ ಹಾಗೇ ಹೇಳುತ್ತೆ" ಅಂತ ಪರೀಕ್ಷೆ ಮಾಡದೆ ಬಿಟ್ಟಿರುವುದು ಯಾವುದು? ಅದನ್ನು ಯಾವುದರ ಜೊತೆ ಹೋಲಿಸಿದರೆ ನ್ಯಾಯವಾದ ಹೋಲಿಕೆ ಆಗುತ್ತದೆ?

ಉತ್ತರ ಬಂದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಅದಕ್ಕೂ ಮೊದಲು ಮನೆಗೊಂದು ಫೋನ್ ಮಾಡಿ, ಅಪ್ಪ ಅಮ್ಮ ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳಿ.